ಕಾರ್ಬ್ಯುರೇಟರ್ ಕ್ಲೀನ್ ಆಗಿ ಬಂತಾ? ಹಗ್ಗ ಎಳೆಯುವ ಮೊದಲು ಆಯಿಲ್ ನೋಡಿ

ಹುಲ್ಲು ಕತ್ತರಿಸುವ ಲಾನ್ ಮೂವರ್ ರಿಪೇರಿಗೆ ಕೊಟ್ಟು, "ಕಾರ್ಬ್ಯುರೇಟರ್ ಬಿಚ್ಚಿ ಕ್ಲೀನ್ ಮಾಡಿದೀನಿ, ಇನ್ನೇನೂ ತೊಂದರೆ ಇಲ್ಲ" ಅಂತ ಹೇಳಿಸಿಕೊಂಡು ವಾಪಸ್ ತಂದಿದ್ದೀರಾ? ಹಾಗಾದರೆ ಮೊದಲು ಆಯಿಲ್ ಮಟ್ಟ ತೋರಿಸುವ ಕಡ್ಡಿ, ಡಿಪ್‌ಸ್ಟಿಕ್, ಹೊರಗೆ ತೆಗೆಯಿರಿ. ಆಯಿಲ್ ಮೇಲಿನ ಗೆರೆ ದಾಟಿದ್ದರೆ, ನೀರಿನ ಹಾಗೆ ತೆಳ್ಳಗೆ ಇಳಿಯುತ್ತಿದ್ದರೆ, ಮೂಸಿದಾಗ ಪೆಟ್ರೋಲ್ ಘಾಟು ಹೊಡೆದರೆ ಎಂಜಿನ್ ಸ್ಟಾರ್ಟ್ ಮಾಡಲೇಬೇಡಿ. ನನ್ನ ಮೂವರ್‌ಗೆ ಆದದ್ದು ಇದೇ.

ರಿಪೇರಿಗೆ ಕೊಡುವಾಗ ಇದ್ದ ಕಾಯಿಲೆ ತೀರಾ ಸಣ್ಣದು. ಟ್ಯಾಂಕ್‌ನಲ್ಲಿ ಹಳೇ ಪೆಟ್ರೋಲ್ ಇಟ್ಟುಕೊಂಡೇ ತಿಂಗಳುಗಟ್ಟಲೆ ಮೂಲೆಯಲ್ಲಿ ನಿಂತಿದ್ದ ಯಂತ್ರ. ಸ್ಟಾರ್ಟ್ ಆಗುತ್ತಿತ್ತು, ಆದರೆ ಎಂಜಿನ್ ಸದ್ದು ಏರುವುದು, ಇಳಿಯುವುದು, ಮತ್ತೆ ಏರುವುದು. ಹಂಟಿಂಗ್ ಅನ್ನುತ್ತಾರಲ್ಲ, ಅದು. ಗಾಳಿ ಕಡಿಮೆ ಮಾಡುವ ಚೋಕ್ ಅರ್ಧ ಹಾಕಿದರೆ ನೆಟ್ಟಗೆ ಓಡುತ್ತಿತ್ತು. ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್‌ಗೆ ಕೊಡುವುದು ಕಾರ್ಬ್ಯುರೇಟರ್ ಕೆಲಸ. ಹೀಗಾದರೆ ಒಳಗೆ ಹೋಗುವ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗುತ್ತಿಲ್ಲ ಎಂದರ್ಥ. ಒಂದೋ ಪೆಟ್ರೋಲ್ ಹಾಯುವ ಸಣ್ಣ ರಂಧ್ರದ ಭಾಗ, ಜೆಟ್, ಕಟ್ಟಿಕೊಂಡಿರುತ್ತದೆ, ಇಲ್ಲವೇ ಭಾಗಗಳ ನಡುವೆ ಕೂರಿಸುವ ಗ್ಯಾಸ್ಕೆಟ್ ಸಂದಿಯಿಂದ ಹೆಚ್ಚುವರಿ ಗಾಳಿ ನುಸುಳುತ್ತಿರುತ್ತದೆ. ನಿಂತ ಪೆಟ್ರೋಲ್ ಆವಿಯಾಗುತ್ತಾ ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲಿನ, ಅಂದರೆ ಬೌಲ್‌ನ, ತಳದಲ್ಲಿ ಕಂದು ಬಣ್ಣದ ಅಂಟು ಬಿಡುತ್ತದೆ. ಎಥೆನಾಲ್ ಬೆರೆತ ಪೆಟ್ರೋಲ್ ಆದರೆ ಗಾಳಿಯ ತೇವವನ್ನೂ ಹೀರಿಕೊಳ್ಳುತ್ತದೆ. ಕೂದಲೆಳೆಯಷ್ಟೇ ಇರುವ ಜೆಟ್ ರಂಧ್ರ ಮುಚ್ಚಿಹೋಗಲು ಅಷ್ಟು ಸಾಕು.

ಒಂದಿಷ್ಟು ತಾಳ್ಮೆಯಿಂದ ತೊಳೆದಿದ್ದರೆ ಮುಗಿಯುತ್ತಿತ್ತು. ಆದರೆ ರಿಪೇರಿ ಮಾಡಿದವರದ್ದು ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಕಥೆ. ಮನೆಗೆ ಬಂದ ಮೂವರ್ ಹಂಟಿಂಗ್ ಬಿಟ್ಟು ಕಪ್ಪು ಹೊಗೆ ಉಗುಳಲು ಶುರುಮಾಡಿತು. "ಸ್ವಲ್ಪ ಓಡಿದರೆ ಸೆಟ್ ಆಗುತ್ತೆ" ಅಂದರು. ಮರುದಿನ ಸ್ಟಾರ್ಟ್ ಮಾಡುವ ಹಗ್ಗ ಹಿಡಿದು ಎಳೆದರೆ ಅರ್ಧಕ್ಕೇ ಗಕ್ಕನೆ ನಿಂತಿತು. ಎಂಜಿನ್ ಹಿಡಿದುಕೊಂಡಿದೆ ಎಂದೇ ಅನಿಸುವಂಥ ಬಿಗಿ.

ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಬಿಚ್ಚಿದಾಗ ಸಿಲಿಂಡರ್ ಒಳಗೆ ಪೆಟ್ರೋಲ್ ತುಂಬಿತ್ತು. ಗಾಳಿಯನ್ನು ಒತ್ತಬಹುದು, ದ್ರವವನ್ನು ಒತ್ತಲಾಗುವುದಿಲ್ಲ, ಹಾಗಾಗಿ ಪಿಸ್ಟನ್ ಮೇಲೆ ಹೋಗಲಾರದೆ ನಿಂತಿತ್ತು. ಇಂಥ ಹೊತ್ತಲ್ಲಿ ಪ್ಲಗ್ ವೈರನ್ನು ರಂಧ್ರದಿಂದ ದೂರಕ್ಕೆ ತಿರುಗಿಸಿ ಭದ್ರಪಡಿಸದೆ ಹಗ್ಗ ಎಳೆಯಬೇಡಿ. ಪ್ಲಗ್ ರಂಧ್ರದಿಂದ ಪೆಟ್ರೋಲ್ ಪಿಚಕಾರಿಯಂತೆ ಚಿಮ್ಮುತ್ತದೆ, ಹತ್ತಿರ ಒಂದು ಕಿಡಿ ಹಾರಿದರೆ ಬೆಂಕಿಯೇ. ಈ ಕೆಲಸ ಬಯಲಲ್ಲೇ ಆಗಬೇಕು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಮುಚ್ಚಿದ ಕೋಣೆಯಲ್ಲಿ ನೆಲದ ಮಟ್ಟದಲ್ಲೇ ಹರಡಿ ಕೂತಿರುತ್ತದೆ.

ಅಷ್ಟು ಪೆಟ್ರೋಲ್ ಒಳಗೆ ಬಂದದ್ದು ಹೇಗೆಂದರೆ, ಬೌಲ್‌ನಲ್ಲಿ ಪೆಟ್ರೋಲ್ ಸಾಕಷ್ಟು ತುಂಬಿದಾಗ ಅದರಲ್ಲಿ ತೇಲುವ ಫ್ಲೋಟ್ ಮೇಲೇಳುತ್ತದೆ, ಅದರ ಜೊತೆ ಸೂಜಿಯಂಥ ನೀಡಲ್ ಮೇಲೆದ್ದು ಪೆಟ್ರೋಲ್ ಬರುವ ದಾರಿ ಮುಚ್ಚುತ್ತದೆ. ಹಲವು ಕಾರ್ಬ್ಯುರೇಟರ್‌ಗಳಲ್ಲಿ ನೀಡಲ್ ತುದಿಯಲ್ಲೋ, ಅದು ಕೂರುವ ಸೀಟ್‌ನಲ್ಲೋ ರಬ್ಬರ್ ಇರುತ್ತದೆ. ಬಿಚ್ಚಿದ ಭಾಗಗಳನ್ನೆಲ್ಲ ಒಟ್ಟಿಗೆ ಕಡುವಾದ ಕ್ಲೀನರ್‌ನಲ್ಲಿ ನೆನೆಹಾಕಿದ್ದಾರೆ, ಆ ರಬ್ಬರೂ ಸೇರಿ. ನಾನು ನೋಡುವಾಗ ನೀಡಲ್ ತುದಿ ಊದಿಕೊಂಡು ಒಂದು ಕಡೆಗೆ ವಾಲಿತ್ತು. ಅದು ದಾರಿ ಮುಚ್ಚುವುದೆಲ್ಲಿಂದ ಬಂತು! ನನ್ನದರಲ್ಲಿ ಪೆಟ್ರೋಲ್ ನಿಲ್ಲಿಸಲು ಟ್ಯಾಪ್ ಕೂಡ ಇಲ್ಲ, ಟ್ಯಾಂಕ್ ಇರುವುದು ಕಾರ್ಬ್ಯುರೇಟರ್‌ಗಿಂತ ಮೇಲೆ. ರಾತ್ರಿಯಿಡೀ ಪೆಟ್ರೋಲ್ ತೊಟ್ಟಿಕ್ಕಿ ಬೌಲ್ ತುಂಬಿ, ಸಿಲಿಂಡರ್‌ಗೆ ಇಳಿದು, ಪಿಸ್ಟನ್ ರಿಂಗ್ ಸಂದಿಯಿಂದ ಆಯಿಲ್ ಇರುವ ಕ್ರ್ಯಾಂಕ್‌ಕೇಸ್ ಸೇರಿ ಆಯಿಲ್ ಜೊತೆ ಬೆರೆತಿದೆ. ಇಂಥ ಎಷ್ಟೋ ಸಣ್ಣ ಎಂಜಿನ್‌ಗಳಲ್ಲಿ ಪಿಸ್ಟನ್ನನ್ನು ಕ್ರ್ಯಾಂಕ್‌ಗೆ (ತಿರುಗುವ ದಂಡಕ್ಕೆ) ಜೋಡಿಸುವ ಅಲ್ಯೂಮಿನಿಯಂ ಕನೆಕ್ಟಿಂಗ್ ರಾಡ್‌ಗೆ ಬೇರೆ ಬೇರಿಂಗ್ ಇರುವುದಿಲ್ಲ, ಅದು ನೇರ ಕ್ರ್ಯಾಂಕ್ ಮೇಲೆ ಆಯಿಲ್‌ನ ತೆಳುಪದರದಲ್ಲಿ ತಿರುಗುತ್ತದೆ. ಪೆಟ್ರೋಲ್ ಬೆರೆತ ಆಯಿಲ್‌ನಲ್ಲಿ ಓಡಿಸಿದರೆ ಆ ಪದರ ನಿಲ್ಲುವುದಿಲ್ಲ. ಎಂಜಿನ್ ಹಾಳಾಗುವುದು ಕಾರ್ಬ್ಯುರೇಟರ್‌ನಿಂದಲ್ಲ, ಇದರಿಂದ.

ಕಪ್ಪು ಹೊಗೆಗೆ ಕಾರಣ ಜೆಟ್. ಭೂತಗನ್ನಡಿಯಲ್ಲಿ ನೋಡಿದರೆ ಹಿತ್ತಾಳೆಯ ರಂಧ್ರದ ಅಂಚಿನಲ್ಲಿ ಹೊಳೆಯುವ ಹೊಸ ಗೀರುಗಳಿದ್ದವು, ರಂಧ್ರ ಗುಂಡಗೆ ಉಳಿದಿರಲಿಲ್ಲ. ಉಕ್ಕಿನ ತಂತಿ ತೂರಿಸಿ ಕೆರೆದಿದ್ದಾರೆ. ರಂಧ್ರ ಸ್ವಲ್ಪ ಹಿಗ್ಗಿದರೂ ಪೆಟ್ರೋಲ್ ಹೆಚ್ಚಾಗುತ್ತದೆ, ಅದನ್ನು ಮತ್ತೆ ಚಿಕ್ಕದು ಮಾಡಲು ಸಾಧ್ಯವಿಲ್ಲ, ಜೆಟ್ ಬದಲಿಸಬೇಕು. ಕ್ಲೀನರ್ ಹೊಡೆದು, ನೆನೆಯಲು ಬಿಟ್ಟು, ಗಾಳಿ ಊದಿ, ಬೆಳಕಿಗೆ ಹಿಡಿದು ನೋಡುವುದಷ್ಟೇ ಸರಿಯಾದ ದಾರಿ. ಗಾಳಿ ಊದುವಾಗ ಕನ್ನಡಕ ಇರಲಿ, ಕ್ಲೀನರ್ ಇನ್ನೊಂದು ತೂತಿನಿಂದ ನೇರ ಕಣ್ಣಿಗೇ ಬರುತ್ತದೆ. ಕೆಲವು ಎಂಜಿನ್‌ಗಳಲ್ಲಿ ಬೌಲ್ ಹಿಡಿದಿರುವ ಬೋಲ್ಟೇ ಜೆಟ್ ಕೂಡ. ಆ ಬೋಲ್ಟ್‌ನ ಬದಿಯಲ್ಲಿ ಕೊರೆದಿರುವ ಸಣ್ಣ ತೂತು ಕಣ್ಣಿಗೆ ಬೀಳದೆ, ತೊಳೆದದ್ದೆಲ್ಲ ವ್ಯರ್ಥವಾಗುವುದುಂಟು.

ಮುಂದೆ ಯಾರಿಗಾದರೂ ಕೊಡುವ ಮೊದಲು ಒಂದೇ ಪ್ರಶ್ನೆ ಕೇಳಿ: ಜೆಟ್ ಹೇಗೆ ಕ್ಲೀನ್ ಮಾಡುತ್ತೀರಿ? ಉತ್ತರದಲ್ಲಿ ತಂತಿ ಅಥವಾ ಡ್ರಿಲ್ ಬಂದರೆ ಮೂವರ್ ತಳ್ಳಿಕೊಂಡು ಹೊರಡಿ. ಬಿಚ್ಚುವ ಮುನ್ನ ಎಂಜಿನ್ ವೇಗ ಹಿಡಿತದಲ್ಲಿಡುವ ಗವರ್ನರ್‌ನ ಸ್ಪ್ರಿಂಗ್, ಲಿಂಕ್‌ಗಳು ಯಾವ ತೂತಿನಲ್ಲಿವೆ ಎಂದು ಫೋಟೋ ತೆಗೆಯುವ ಅಭ್ಯಾಸ ಇಲ್ಲದವರಿಂದಲೂ ನಾನು ದೂರ. ಸ್ಪ್ರಿಂಗ್ ತಪ್ಪು ತೂತಿಗೆ ಹೋದರೆ ಎಂಜಿನ್ ಮಿತಿಮೀರಿದ ವೇಗಕ್ಕೆ ಏರಬಹುದು, ಕೆಳಗೆ ತಿರುಗುತ್ತಿರುವುದು ಬ್ಲೇಡ್ ಅನ್ನುವುದು ನೆನಪಿರಲಿ.

ಜೋಡಿಸುವ ಮುನ್ನ ನೀಡಲ್ ಪರೀಕ್ಷಿಸಲು ಹೆಚ್ಚು ಹೊತ್ತೇನೂ ಬೇಡ. ಬೌಲ್ ತೆಗೆದ ಕಾರ್ಬ್ಯುರೇಟರನ್ನು ತಲೆಕೆಳಗೆ ಹಿಡಿಯಿರಿ, ಫ್ಲೋಟ್ ತನ್ನ ಭಾರಕ್ಕೆ ನೀಡಲನ್ನು ಒತ್ತುತ್ತದೆ. ಪೆಟ್ರೋಲ್ ಬರುವ ಕೊಳವೆಗೆ ಸ್ವಚ್ಛವಾದ ಪೈಪ್ ಸಿಕ್ಕಿಸಿ ಮೆಲ್ಲಗೆ ಊದಿ. ಗಾಳಿ ಹೋಗಬಾರದು. ಫ್ಲೋಟನ್ನು ಬೆರಳಿನಿಂದ ಮೇಲೆತ್ತಿದರೆ ಸರಾಗವಾಗಿ ಹೋಗಬೇಕು. ನನ್ನ ಹಳೇ ನೀಡಲ್‌ನಲ್ಲಿ ಎರಡೂ ಸಲ ಗಾಳಿ ಹೋಯಿತು.

ಹೊಸ ಜೆಟ್, ನೀಡಲ್, ಸೀಟ್, ಗ್ಯಾಸ್ಕೆಟ್ ಹಾಕಿದ್ದಾಯಿತು. ಆಯಿಲ್ ಪೂರ್ತಿ ಸುರಿದು ಹೊಸದು ತುಂಬಿಸಿ, ಕೆಲವೇ ನಿಮಿಷ ಓಡಿಸಿ, ಅದನ್ನೂ ತೆಗೆದು ಮತ್ತೆ ಹೊಸದು ಹಾಕಿದೆ. ಹೊಗೆ ನಿಂತಿದೆ. ಕೆಳಗಿನಿಂದ ಬರುವ ಸಣ್ಣ ಟಕಟಕ ಸದ್ದು ಮಾತ್ರ ಮೊದಲು ಇರಲಿಲ್ಲ, ಈಗ ಇದೆ.