ಪ್ರವಾಸ ವಿಮೆಯ ಬಾಡಿಗೆ ಕಾರ್ ಕವರ್: ದುಡ್ಡು ಬಂತು, ಆದರೆ 47 ದಿನ ಕಾಯಿಸಿದರು

ಐದಕ್ಕೆ ಮೂರು ಸ್ಟಾರ್. ಕಂಪನಿ ಹೆಸರು ಬರೆಯೋದಿಲ್ಲ, ಈ ಕವರ್ ಕೊಡುವವರು ಹಲವರಿದ್ದಾರೆ.

ಮಗಳು ಕ್ರೈಸ್ಟ್‌ಚರ್ಚ್‌ನಲ್ಲಿದ್ದಾಳೆ. ಕಾಫಿ ಕೊಯ್ಲು ಮುಗಿಸಿ ಮಾರ್ಚ್‌ನಲ್ಲಿ ನಾನೂ ಮನೆಯವಳೂ ಹೋಗಿದ್ದೆವು, ಅಲ್ಲಿಂದ ಕ್ವೀನ್ಸ್‌ಟೌನ್ ಕಡೆಗೆ 9 ದಿನ ಬಾಡಿಗೆ ಕಾರು. ನ್ಯೂಜಿಲೆಂಡಿನಲ್ಲೂ ಎಡಗಡೆಯೇ ಓಡಿಸೋದು, ಇಂಗ್ಲಿಷಿನಲ್ಲಿರುವ ನಮ್ಮ ಲೈಸೆನ್ಸ್ ನಡೆಯುತ್ತದೆ, ಆದರೂ ಇರಲಿ ಅಂತ ಚಿಕ್ಕಮಗಳೂರು ಆರ್‌ಟಿಒದಲ್ಲಿ 1,000 ರೂಪಾಯಿ ಕಟ್ಟಿ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೊಂಡಿದ್ದೆ. ಮಂಜು ಕವಿದ ಚಾರ್ಮಾಡಿ ಘಾಟಿಯಲ್ಲಿ ಮೂವತ್ತು ವರ್ಷ ಓಡಿಸಿದವನು ನಾನು. ಅಲ್ಲಿ ಮೋಟೆಲ್ ಮುಂದೆ ರಿವರ್ಸ್ ತಗೊಳ್ಳುವಾಗ ಮೊಣಕಾಲೆತ್ತರದ ಮರದ ಗೂಟಕ್ಕೆ ಹಿಂದಿನ ಬಂಪರ್ ತಾಗಿಸಿದೆ. ಅಂಗೈ ಅಗಲ ಪೇಂಟ್ ಹೋಯಿತು. ತಪ್ಪು ನನ್ನದೇ.

ಕಾರು ವಾಪಸ್ ಕೊಡುವಾಗ ಹುಡುಗ ನಗುನಗುತ್ತಾ ಬರೆದುಕೊಂಡ, ಮೇಲ್ ಬರುತ್ತೆ ಅಂದ. ಊರಿಗೆ ಬಂದು ಹತ್ತು ದಿನಕ್ಕೆ, ತೋಟದಲ್ಲಿ ಸ್ಪ್ರಿಂಕ್ಲರ್ ಪೈಪ್ ಬದಲಿಸುತ್ತಿದ್ದಾಗ ಕಾರ್ಡಿನ ಎಸ್ಸೆಮ್ಮೆಸ್ ಬಂತು. 885 ನ್ಯೂಜಿಲೆಂಡ್ ಡಾಲರ್, ಅಂದರೆ ಸುಮಾರು 46,000 ರೂಪಾಯಿ. ಕೇಳದೆಯೇ ಎಳೆದುಕೊಂಡಿದ್ದಾರೆ. ಒಪ್ಪಂದಕ್ಕೆ ಸಹಿ ಹಾಕುವಾಗಲೇ ಅದಕ್ಕೆ ಒಪ್ಪಿರುತ್ತೇವೆ, ಓದಿರೋದಿಲ್ಲ ಅಷ್ಟೆ. ಬಿಲ್ಲಿನಲ್ಲಿ ಬಂಪರ್ 520, ಎಡ ಮುಂದಿನ ಚಕ್ರದ ರಿಮ್ 290, ಆಫೀಸ್ ಖರ್ಚು ಅಂತ 75.

ರಿಮ್ಮಾ? ರಿಮ್ ನಾನು ಮುಟ್ಟಿಯೇ ಇಲ್ಲ!

ಇಲ್ಲಿ ಮನೆಯವಳ ಕೆಲಸ ಹೇಳಲೇಬೇಕು. ಕಾರು ತಗೊಂಡ ದಿನ ಇವಳು ಸುತ್ತಲೂ ವಿಡಿಯೊ ಮಾಡುತ್ತಿದ್ದಳು, "ಏನು, ಮದುವೆ ವಿಡಿಯೊನಾ, ಹತ್ತು ಬೇಗ" ಅಂತ ನಾನು ರೇಗಿದ್ದೆ. "ಇರ್ರೀ, ಇನ್ನೂ ಚಕ್ರ ಬಾಕಿ ಇದೆ" ಅಂದಿದ್ದಳು. ಆ ವಿಡಿಯೊದ 41ನೇ ಸೆಕೆಂಡಿನಲ್ಲಿ ರಿಮ್ಮಿನ ಅಂಚಿಗೆ ಉಗುರಿನಲ್ಲಿ ಕೆರೆದ ಹಾಗೆ ಮೂರು ಗೆರೆ, ಹಿಂದೆ ಅವರದೇ ಆಫೀಸಿನ ಬೋರ್ಡು. ತಾರೀಕಿನ ಸಮೇತ ಕಳಿಸಿದೆ. ಆರು ದಿನಕ್ಕೆ 290 ವಾಪಸ್ ಬಂತು, ಕ್ಷಮೆ ಗಿಮೆ ಏನಿಲ್ಲ. ರೇಟ್ ವ್ಯತ್ಯಾಸದಲ್ಲಿ ಐನೂರು ಚಿಲ್ಲರೆ ಹೋಯಿತು.

ಉಳಿದದ್ದಕ್ಕೆ ವಿಮೆ. ಬಾಡಿಗೆ ಕಾರಿಗೆ ಇನ್ಶೂರೆನ್ಸ್ ಇದ್ದೇ ಇರುತ್ತದೆ, ಆದರೆ ಮೊದಲ ಒಂದಿಷ್ಟು ಮೊತ್ತ ನಮ್ಮ ತಲೆಗೆ. ನಮ್ಮೂರ ಶೋರೂಮಿನಲ್ಲಿ ಫೈಲ್ ಚಾರ್ಜ್ ಅಂತ ಸಾವಿರ ಎರಡು ಸಾವಿರ ತಗೋತಾರಲ್ಲ, ಅದೇ. ಅಲ್ಲಿ ಅದಕ್ಕೆ ಎಕ್ಸೆಸ್ ಅಂತಾರೆ, ನನ್ನ ಕಾರಿಗೆ 3,500 ಡಾಲರ್ ಇತ್ತು. ಕೌಂಟರಿನಲ್ಲೇ ದಿನಕ್ಕೆ 32 ಡಾಲರ್ ಕೊಟ್ಟರೆ ಅದು ಸೊನ್ನೆ. ಐ.ಜಿ. ರಸ್ತೆಯ ನಮ್ಮ ಏಜೆಂಟ್ ಮಾತ್ರ "ಅದೆಲ್ಲ ಬೇಡ ಸಾರ್, ಸಾವಿರದ ಚಿಲ್ಲರೆ ಜಾಸ್ತಿ ಕೊಡಿ, ನಮ್ಮ ಪಾಲಿಸಿಯಲ್ಲೇ ಬರುತ್ತೆ" ಅಂದಿದ್ದ. ಬರುತ್ತೆ ನಿಜ. ಆದರೆ ಮೊದಲು ನೀವು ಕಟ್ಟಬೇಕು, ಆಮೇಲೆ ಅವರು ಕೊಡೋದು. ಇದನ್ನು ಅವನು ಹೇಳಲಿಲ್ಲ.

ಬಾಡಿಗೆ ಒಪ್ಪಂದ, ಕಾರಿನ ಸ್ಥಿತಿಯ ಶೀಟು, ಫೋಟೊ, ಲೈಸೆನ್ಸ್, ಪಾಸ್‌ಪೋರ್ಟ್, ಕಾರ್ಡ್ ಸ್ಟೇಟ್‌ಮೆಂಟ್, ಎಲ್ಲ ಕೊಟ್ಟೆ. ಒಪ್ಪಂದದಲ್ಲಿ ಹೆಸರಿರುವವರೇ ಓಡಿಸುತ್ತಿದ್ದರಾ ಅಂತ ಬೇರೆ ಕೇಳಿದರು. ಅಳಿಯನ ಹೆಸರು ಸೇರಿಸಿರಲಿಲ್ಲ, ಸದ್ಯ ಗೂಟಕ್ಕೆ ಗುದ್ದಿದವನು ನಾನೇ! ಪೊಲೀಸ್ ರಿಪೋರ್ಟ್ ಕೇಳಿದರು, ಗೂಟದ ಮೇಲೆ ಯಾರು ಕಂಪ್ಲೇಂಟ್ ಕೊಡ್ತಾರೆ ಸ್ವಾಮಿ. ಬೇರೆ ವಾಹನ ಇರಲಿಲ್ಲ ಅಂತ ಬರೆದುಕೊಟ್ಟ ಮೇಲೆ ಒಪ್ಪಿದರು. ನಿಜವಾಗಿ ಸತಾಯಿಸಿದ್ದು ರಿಪೇರಿ ಬಿಲ್. ಕಾರ್ ಕಂಪನಿ ಕಳಿಸಿದ್ದು ಬರೀ ಎಸ್ಟಿಮೇಟ್, ಇವರಿಗೆ ಬೇಕಾದದ್ದು ಫೈನಲ್ ಬಿಲ್. ಅದನ್ನು ತರಿಸೋಕೆ ಮೂರು ವಾರ, ಒಂಬತ್ತು ಮೇಲ್. ಅಷ್ಟೂ ದಿನದಲ್ಲಿ ಏಜೆಂಟ್ ಎರಡು ಸಲ ಫೋನ್ ಎತ್ತಿದ.

ಬಿಲ್ ಕೊಟ್ಟ ಮೇಲೂ ಸುಮ್ನೆ ಕೂತಿದ್ದರು. ವಿಮಾ ಕಂಪನಿಯ ದೂರು ವಿಭಾಗಕ್ಕೆ ಮೇಲ್ ಹಾಕಿ, ಮುಂದೆ ಬೆಂಗಳೂರಿನ ಇನ್ಶೂರೆನ್ಸ್ ಓಂಬುಡ್ಸ್‌ಮನ್ (ವಿಮೆ ಕಂಪನಿಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿ) ಹತ್ತಿರ ಹೋಗ್ತೀನಿ ಅಂತ ಒಂದು ಸಾಲು ಸೇರಿಸಿದೆ. ಅಲ್ಲಿ ಫೀಸಿಲ್ಲ, ವಕೀಲರೂ ಬೇಡ, ಆದರೆ ಮೊದಲು ಕಂಪನಿಗೆ ಬರೆದು ಒಂದು ತಿಂಗಳು ಉತ್ತರಕ್ಕೆ ಕಾಯಬೇಕು. ಅಷ್ಟು ದೂರ ಹೋಗುವ ಮೊದಲೇ, 47ನೇ ದಿನ 26,000 ಖಾತೆಗೆ ಬಿತ್ತು. ಆಫೀಸ್ ಖರ್ಚಿನ 75 ಡಾಲರ್ ಕೊಡಲಿಲ್ಲ, ವಿದೇಶಿ ದುಡ್ಡಿನ ಖರ್ಚು ಅಂತ ಕಾರ್ಡಿನವರು ಮೇಲೆ ಹಿಡಿದ ಮೂರೂವರೆ ಪರ್ಸೆಂಟ್ ಮಾರ್ಕಪ್ಪೂ ಇಲ್ಲ.

ಎಲ್ಲ ಸೇರಿ ಐದಾರು ಸಾವಿರ ಕೈಬಿಟ್ಟಿತು. ಕೌಂಟರಿನಲ್ಲಿ ತಗೊಂಡಿದ್ದರೆ 14,000 ಮೇಲೆ ಆಗುತ್ತಿತ್ತು. ಹಾಗಾಗಿ ಮೂರು ಸ್ಟಾರ್ ಕೊಟ್ಟೆ. ಆದರೆ ಎಕ್ಸೆಸ್ ಪೂರ್ತಿ ಬಿದ್ದಿದ್ದರೆ ಒಂದು ಮುಕ್ಕಾಲು ಲಕ್ಷ ಕಾರ್ಡಿನಿಂದ ಹೋಗಿ, ವಿಮೆ ದುಡ್ಡು ಬರುವಷ್ಟರಲ್ಲಿ ಕಾರ್ಡ್ ಬಿಲ್ ಕಟ್ಟೋ ತಾರೀಕು ಎರಡು ಸಲ ಬಂದಿರುತ್ತಿತ್ತು. ಅಷ್ಟು ಲಿಮಿಟ್ ಇಲ್ಲದವರು ಕೌಂಟರಿನದೇ ತಗೊಳ್ಳಿ.