ಅಲೆಕ್ಸಾಂಡ್ರಿಯಾದಲ್ಲಿ ಕೋಟೆನಾ, ನೆಲಮಾಳಿಗೆನಾ, ಯಾವ ಬೀಚು? ಮೂರು ಸಲ ಹೋಗಿ ಬಂದ ಮೇಲೆ ನನ್ನ ಹೋಲಿಕೆ

ಕೈರೋಗೆ ಬಂದು ಎರಡು ವರ್ಷ ಆಯ್ತು, ಯಜಮಾನ್ರ ಕೆಲಸ ಇಲ್ಲೇ. ಊರಿಂದ ಯಾರೇ ಬಂದ್ರೂ ಪಿರಮಿಡ್ ಆದ್ಮೇಲೆ ಕೇಳೋದು ಒಂದೇ, ಅಲೆಕ್ಸಾಂಡ್ರಿಯಾಗೆ ಒಂದು ದಿನದಲ್ಲಿ ಹೋಗಿ ಬರ್ಬಹುದಾ ಅಂತ. ಬರ್ಬಹುದು, ಸುಮಾರು 220 ಕಿಲೋಮೀಟರ್, ರೈಲಲ್ಲಿ ಎರಡೂವರೆ ಮೂರು ಗಂಟೆ. ಆದ್ರೆ ಒಂದು ದಿನಕ್ಕೆ ಹೋದೋರೆಲ್ಲ ಕೋಟೆ ಮುಂದೆ ಫೋಟೋ ತಗೊಂಡು, ಸಮುದ್ರದ ಪಕ್ಕ ಐಸ್‌ಕ್ರೀಮ್ ತಿಂದು ವಾಪಸ್ ಬಂದ್ಬಿಡ್ತಾರೆ, ಅದು ಕೇಳಿದ್ರೆ ನಂಗೆ ಹೊಟ್ಟೆ ಉರಿಯುತ್ತೆ. ಮೊದಲನೇ ಸಲ ನಾವೂ ಹಾಗೇ ಮಾಡಿದ್ದು. ಹಳೇ ಅಲೆಕ್ಸಾಂಡ್ರಿಯಾ ಇರೋದು ದಂಡೆ ಮೇಲಲ್ಲ, ಅರ್ಧ ನೀರೊಳಗೆ, ಅರ್ಧ ಈಗಿನ ಊರಿನ ಮನೆಗಳ ಕೆಳಗೆ.

ನಾನು ಹೋಗಿದ್ದು ಮೂರು ಸಲ. ಮೊದಲು ಆಗಸ್ಟಲ್ಲಿ ಆಫೀಸಿನವರ ಜೊತೆ, ಆಮೇಲೆ ಅಕ್ಟೋಬರ್ ಕೊನೇಲಿ ಕುಂದಾಪುರದಿಂದ ಬಂದಿದ್ದ ಅತ್ತೆ ಮಾವನ್ನ ಕರ್ಕೊಂಡು, ಆಮೇಲೆ ಮೇ ತಿಂಗಳಲ್ಲಿ ನಾವಿಬ್ರೇ. ಕೋಟೆ ಒಂದು ಬಿಟ್ರೆ ಮೂರು ಸಲವೂ ಬೇರೆ ಬೇರೆ ಜಾಗ, ಬೇರೆ ಬೇರೆ ಬೀಚು, ಹಾಗಾಗಿ ಯಾವ್ದು ಯಾರಿಗೆ ಆಗುತ್ತೆ ಅಂತ ಈಗ ಧೈರ್ಯವಾಗಿ ಹೇಳ್ತೀನಿ.

ಮೊದಲು ಕೋಟೆ, ಯಾಕಂದ್ರೆ ಎಲ್ರೂ ಅಲ್ಲಿಗೇ ಹೋಗೋದು. ಕೈತ್‌ಬೇ ಕೋಟೆ, ಮಮ್ಲೂಕ್ ಸುಲ್ತಾನ ಕೈತ್‌ಬೇ 1477ರಲ್ಲಿ ಕಟ್ಟಿಸಿದ್ದು. ಜಾಗ ಮಾತ್ರ ಸಾಮಾನ್ಯದ್ದಲ್ಲ, ಜಗತ್ತಿನ ಏಳು ಅದ್ಭುತಗಳಲ್ಲಿ ಒಂದಾದ ಫಾರೋಸ್ ದೀಪಸ್ತಂಭ ನಿಂತಿದ್ದು ಅಲ್ಲೇ. 100 ಮೀಟರ್‌ಗಿಂತ ಎತ್ತರ ಇತ್ತಂತೆ, ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಕಟ್ಟಿದ್ದು 14ನೇ ಶತಮಾನದ ಭೂಕಂಪಗಳಲ್ಲಿ ಪೂರ್ತಿ ಹಾಳಾಯ್ತು, ಬಿದ್ದ ಕಲ್ಲುಗಳನ್ನ ತಗೊಂಡು ಕೋಟೆಗೆ ಹಾಕ್ಕೊಂಡ್ರು. ಗೋಡೆಗಳಲ್ಲಿ ಕೆಂಪು ಗ್ರಾನೈಟ್ ಕಂಬಗಳು ಸೇರ್ಕೊಂಡಿರೋದು ಗಮನ ಇಟ್ಟು ನೋಡಿದ್ರೆ ಕಾಣುತ್ತೆ. 1994ರಲ್ಲಿ ಫ್ರೆಂಚ್ ಪುರಾತತ್ವದವರು ಕೋಟೆ ಪಕ್ಕದ ನೀರಲ್ಲಿ ಮುಳುಗಿ ನೋಡಿದ್ರೆ ತಳದಲ್ಲಿ ಸಾವಿರಾರು ಕಲ್ಲು, ಸ್ಫಿಂಕ್ಸ್, ಪ್ರತಿಮೆ ಎಲ್ಲ ಬಿದ್ದಿದ್ವು. ಇಷ್ಟೆಲ್ಲ ಗೊತ್ತಿದ್ರೆ ಕೋಟೆ ಚೆನ್ನಾಗಿರುತ್ತೆ, ಗೊತ್ತಿಲ್ದೆ ಹೋದ್ರೆ ಖಾಲಿ ಖಾಲಿ ರೂಮು, ಮೆಟ್ಟಿಲು, ಸ್ಕೂಲ್ ಮಕ್ಕಳ ಗಲಾಟೆ ಅಷ್ಟೇ. ಆಗಸ್ಟಲ್ಲಿ, ಅದೂ ಶುಕ್ರವಾರ ಹೋಗಿದ್ವಿ, ಇಲ್ಲಿ ಅದು ರಜೆ ದಿನ, ಜಾತ್ರೆ ಇದ್ದ ಹಾಗಿತ್ತು, ಕುದುರೆ ಗಾಡಿಯವರು ಬೆನ್ನು ಬಿಡ್ಲಿಲ್ಲ. ಮೇ ತಿಂಗಳಲ್ಲಿ ಬೆಳಿಗ್ಗೆ 9ಕ್ಕೇ ಹೋದಾಗ ಮಾತ್ರ ಮೇಲಿನ ಕಿಟಕಿ ಹತ್ರ ಮುಖಕ್ಕೆ ರಾಚೋ ಗಾಳಿಲಿ ನಿಂತು ಸಮಾಧಾನವಾಗಿ ಸಮುದ್ರ ನೋಡಕ್ಕಾಯ್ತು.

ಈಗ ಕೋಮ್ ಎಲ್ ಶುಕಾಫಾ. ಇದರ ಬಗ್ಗೆ ಎಷ್ಟು ಹೇಳಿದ್ರೂ ಕಮ್ಮಿ. ಕರ್ಮೂಜ್ ಅನ್ನೋ ಗಿಜಿಗುಡೋ ಬಡಾವಣೆ, ಬಟ್ಟೆ ಒಣಹಾಕಿರೋ ಬಾಲ್ಕನಿಗಳು, ಮೆಕ್ಯಾನಿಕ್ ಅಂಗಡಿಗಳು, ಅದರ ಮಧ್ಯೆ ಒಂದು ಕಾಂಪೌಂಡು. 1900ರಲ್ಲಿ ಇಲ್ಲಿ ಒಂದು ಕತ್ತೆ ಕಾಲಡಿ ನೆಲ ಕುಸಿದು ಒಳಗೆ ಬಿತ್ತು, ಹಾಗೆ ಸಿಕ್ಕಿದ್ದು ಈ ಭೂಗತ ಸ್ಮಶಾನ ಅಂತ ಅಲ್ಲಿ ಎಲ್ರೂ ಹೇಳ್ತಾರೆ. ಕ್ರಿಸ್ತಶಕ 2ನೇ ಶತಮಾನದ್ದು, ಬಂಡೆ ಕೊರೆದು ಮಾಡಿರೋ ಮೂರು ಅಂತಸ್ತು. ಸುರುಳಿ ಮೆಟ್ಟಿಲಲ್ಲಿ ಇಳೀತಾ ಹೋಗ್ಬೇಕು, ನಡುವೆ ಬಾವಿ ಥರ ದುಂಡಗೆ ತೆರೆದಿರುತ್ತೆ, ಹೆಣಾನ ಹಗ್ಗ ಕಟ್ಟಿ ಆ ಬಾವಿಲೇ ಇಳಿಸ್ತಿದ್ರಂತೆ. ಅತ್ತೆಗೆ ಮಂಡಿ ನೋವು, ಬೇಡ ಅಂದೆ, ಕೇಳ್ಲಿಲ್ಲ, ಗೋಡೆ ಹಿಡ್ಕೊಂಡು ಒಂದೊಂದೇ ಮೆಟ್ಟಿಲು ಇಳಿದ್ರು.

ಕೆಳಗೆ ಒಂದು ಚೌಕದ ಕೋಣೆ, ಮೂರು ಕಡೆ ಕಲ್ಲಲ್ಲೇ ಕಡೆದ ಅಗಲ ಜಗಲಿ. ಸತ್ತವರ ನೆಂಟರು ವರ್ಷದ ದಿನಗಳಲ್ಲಿ ಬಂದು ಇಲ್ಲಿ ಒರಗಿ ಕೂತು ಊಟ ಮಾಡ್ತಿದ್ರು, ಊಟ ಆದ್ಮೇಲೆ ಆ ಮಡಕೆ ಕುಡಿಕೆ ಮನೆಗೆ ತಗೊಂಡು ಹೋಗ್ಬಾರ್ದು ಅಂತ ಮೇಲೇ ಒಡೆದು ಬಿಸಾಕ್ತಿದ್ರು. ಆ ಚೂರುಗಳೇ ಗುಡ್ಡೆ ಬಿದ್ದು ಕೋಮ್ ಎಲ್ ಶುಕಾಫಾ ಅಂದ್ರೆ ಬೋಕಿ ದಿಬ್ಬ ಅಂತ ಹೆಸರು ಬಂತು. ಇದನ್ನ ನಾನು ಹೇಳಿದ ತಕ್ಷಣ ಅತ್ತೆ, ನಮ್ಮಲ್ಲೂ ಹಾಗೇ ಅಲ್ವನಾ, ಸ್ಮಶಾನದ ಮಡಕೆ ಒಡೆದು ತಿರುಗಿ ನೋಡ್ದೆ ಬರೋದು ಅಂದ್ರು. ಆಮೇಲೆ ಜಗಲಿ ಕಡೆ ನೋಡ್ತಾ, ತಿಥಿ ಊಟ ಇಲ್ಲೇ ಮಾಡ್ತಿದ್ರಾ ಪಾಪ, ಅಂತ ಸುಮ್ನೆ ನಿಂತ್ಬಿಟ್ರು. ಅವರ ಅಮ್ಮ ತೀರ್ಕೊಂಡು ಆಗಿನ್ನೂ ವರ್ಷ ಆಗಿರ್ಲಿಲ್ಲ. ಯಾವ ಗೈಡೂ ಇಷ್ಟು ಚೆನ್ನಾಗಿ ಆ ಕೋಣೆನ ನಂಗೆ ಅರ್ಥ ಮಾಡಿಸ್ತಿರ್ಲಿಲ್ಲ.

ಮುಖ್ಯ ಗೋರಿ ಬಾಗಿಲಲ್ಲಿ ಕಿರೀಟ ಇಟ್ಟ ಗಡ್ಡದ ಹಾವುಗಳು, ಮೇಲೆ ಗ್ರೀಕರ ಮೆಡೂಸಾ ತಲೆ, ಒಳಗೆ ಹೋಗಿ ತಿರುಗಿ ನೋಡಿದ್ರೆ ನರಿ ಮುಖದ ಅನೂಬಿಸ್ ರೋಮನ್ ಸಿಪಾಯಿ ಕವಚ ತೊಟ್ಕೊಂಡು ನಿಂತಿದಾನೆ. ಈಜಿಪ್ಟಿನ ದೇವರಿಗೆ ರೋಮಿನ ಯೂನಿಫಾರ್ಮ್! ಈ ಊರು ಏನು ಅಂತ ಅದೊಂದೇ ಕೆತ್ತನೆ ಹೇಳುತ್ತೆ, ಅಲ್ಲಿ ಎಲ್ಲಾ ಜನಾನೂ ಬೆರೆತು ಬದುಕಿದ್ರು, ಸಾಯೋವಾಗ ಯಾರ ದೇವರನ್ನೂ ಬಿಟ್ಟಿಲ್ಲ. ಅತಿ ಕೆಳಗಿನ ಅಂತಸ್ತು ಬಹಳ ಕಾಲ ಅಂತರ್ಜಲದಲ್ಲಿ ಮುಳುಗಿತ್ತು. ಗಾಳಿ ತೇವ ತೇವ, ಉಸಿರು ಕಟ್ಟೋ ಅಂಥವರು ಸ್ವಲ್ಪ ಯೋಚನೆ ಮಾಡಿ, ಚಪ್ಪಲಿ ಬದಲು ಶೂ ಹಾಕ್ಕೊಂಡು ಹೋಗಿ.

ಅಲ್ಲಿಂದ ನಡೆದು ಹೋಗೋ ದೂರದಲ್ಲೇ ಪಾಂಪೆ ಕಂಬ. ಹೆಸರು ರೋಮಿನ ಸೇನಾಪತಿ ಪಾಂಪೆದು, ನಿಲ್ಲಿಸಿದ್ದು ಚಕ್ರವರ್ತಿ ಡಯೊಕ್ಲೇಶಿಯನ್ ಗೌರವಕ್ಕೆ. ಅಸ್ವಾನ್‌ನ ಕೆಂಪು ಗ್ರಾನೈಟು, ಪೀಠ ಎಲ್ಲ ಸೇರಿ ಸುಮಾರು 27 ಮೀಟರ್. ಸೆರಾಪಿಸ್ ದೇವಸ್ಥಾನ ಇದ್ದ ಜಾಗ, ಅದನ್ನ 391ರ ಹೊತ್ತಿಗೆ ಕೆಡವಿದ್ರು, ಈಗ ಕಂಬ, ಎರಡು ಸ್ಫಿಂಕ್ಸು, ಕೆಳಗಡೆ ಸುರಂಗ ಇಷ್ಟೇ. ಅರ್ಧ ಗಂಟೆ ಸಾಕು. ಟೈಮ್ ಇಲ್ಲಾಂದ್ರೆ ಬಿಟ್ಟುಬಿಡಿ, ಬೇಜಾರೇನಿಲ್ಲ.

ಇನ್ನೊಂದು ಪೈಪೋಟಿ ಕೊಡೋ ಜಾಗ ಕೋಮ್ ಎಲ್ ದಿಕ್ಕಾ. ಮಸ್ರ್ ಸ್ಟೇಷನ್ ಪಕ್ಕದಲ್ಲೇ, ರೈಲು ಇಳಿದು ನಡ್ಕೊಂಡೇ ಹೋಗ್ಬಹುದು. 1960ರಲ್ಲಿ ಕಟ್ಟಡಕ್ಕೆ ಅಂತ ಜಾಗ ಸಮ ಮಾಡೋವಾಗ ಸಿಕ್ಕಿದ್ದು, ಪೋಲೆಂಡಿನ ತಂಡ ದಶಕಗಳಿಂದ ಅಗೀತಾನೇ ಇದೆ. ಅರ್ಧ ವೃತ್ತದಲ್ಲಿ 13 ಸಾಲು ಅಮೃತಶಿಲೆ ಮೆಟ್ಟಿಲು, ಎಲ್ರೂ ರೋಮನ್ ಥಿಯೇಟರ್ ಅಂತಾರೆ. ಆದ್ರೆ ನನ್ನ ಪ್ರಕಾರ ಅಲ್ಲಿ ನಿಜವಾಗಿ ನೋಡ್ಬೇಕಾದ್ದು ಥಿಯೇಟರ್ ಅಲ್ಲ, ಅದರ ಪಕ್ಕದ ಉದ್ದ ಕಂಬಸಾಲಲ್ಲಿರೋ ಕ್ಲಾಸ್ ರೂಮುಗಳು, ಸುಮಾರು 20 ಇವೆ. ಮೂರು ಕಡೆ ಕಲ್ಲಿನ ಬೆಂಚು ಮೆಟ್ಟಿಲು ಮೆಟ್ಟಿಲಾಗಿ, ನಡುವೆ ಎತ್ತರದಲ್ಲಿ ಒಂದು ಪೀಠ, ಅದು ಮೇಷ್ಟ್ರಿಗೆ. 1400, 1500 ವರ್ಷದ ಹಿಂದಿನ ಪಾಠಶಾಲೆ! ನಮ್ಮ ಮಾವ 34 ವರ್ಷ ಹೈಸ್ಕೂಲ್ ಮೇಷ್ಟ್ರಾಗಿದ್ದೋರು, ಆ ಪೀಠದ ಮುಂದೆ ನಿಂತು ಬಹಳ ಹೊತ್ತು ಏನೂ ಮಾತಾಡ್ಲಿಲ್ಲ. ಆಮೇಲೆ ನೆರಳಲ್ಲಿ ಕೂತು ಆಕ್ಸಿರಿಂಕಸ್ ಪಪೈರಸ್ ವಿಷಯ ಶುರು ಮಾಡಿದ್ರು. ಇದೇ ಈಜಿಪ್ಟಲ್ಲಿ ಸಿಕ್ಕಿದ ಗ್ರೀಕ್ ಪ್ರಹಸನವೊಂದರ ಹಾಳೆಲಿ ಹಿಂದೂದೇಶದ ರಾಜ, ಅವನ ಕಡೆಯವರು ಆಡೋ ಮಾತು ಕನ್ನಡ ಅಂತ ಶಾಮಶಾಸ್ತ್ರಿಗಳು ವಾದ ಮಾಡಿದ್ದು, ಗೋವಿಂದ ಪೈಗಳು ಅದರ ಬಗ್ಗೆ ಬರೆದಿದ್ದು, ವಿದ್ವಾಂಸರು ಇವತ್ತಿಗೂ ಎಲ್ರೂ ಒಪ್ಪಿಲ್ಲ ಅನ್ನೋದು, ಎಲ್ಲಾ ಹೇಳಿದ್ರು. ಕನ್ನಡ ಹೌದೋ ಅಲ್ವೋ, ನಮ್ಮ ಕರಾವಳಿ ಮೆಣಸು ಕೆಂಪು ಸಮುದ್ರ ದಾಟಿ, ನೈಲ್ ನದಿಲಿ ಬಂದು ಈ ಊರಲ್ಲೇ ಕೈ ಬದಲಾಗ್ತಿತ್ತು ಅನ್ನೋದಂತೂ ಸುಳ್ಳಲ್ಲ ಅಂದ್ರು. ಅಲ್ಲೇ ಇರೋ ಪಕ್ಷಿಗಳ ಮನೆಗೆ ಬೇರೆ ಟಿಕೆಟ್, ನೆಲದ ಮೊಸಾಯಿಕ್‌ಲಿ ಒಂದೊಂದು ಹಕ್ಕಿನೂ ಚೌಕದೊಳಗೆ ಬಿಡಿಸಿದಾರೆ, ತಗೊಳ್ಳಿ.

ಹಾಗಾದ್ರೆ ಯಾವ್ದು? ಒಂದೇ ಜಾಗ ಅಂದ್ರೆ ಶುಕಾಫಾ, ಯೋಚನೆನೇ ಬೇಡ. ಮೆಟ್ಟಿಲು ಆಗಲ್ಲ ಅನ್ನೋರಿಗೆ ದಿಕ್ಕಾ. ಕೋಟೆ ಮೂರನೇದು, ಮಕ್ಕಳಿದ್ರೆ ಮಾತ್ರ ಮೊದಲನೇದು. ಗ್ರೀಕೋ ರೋಮನ್ ಮ್ಯೂಸಿಯಂ 2005ರಲ್ಲಿ ಮುಚ್ಚಿದ್ದು 2023ರಲ್ಲಿ ಮತ್ತೆ ತೆರೆದಿದೆ, ಮಧ್ಯಾಹ್ನದ ಬಿಸಿಲಿಗೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. 2002ರ ಹೊಸ ಲೈಬ್ರರಿ ಕಟ್ಟಡ ನೋಡಕ್ಕೆ ಚೆನ್ನಾಗಿದೆ, ಆದ್ರೆ ಹಳೇ ಲೈಬ್ರರಿ ನೋಡ್ತೀನಿ ಅಂದ್ಕೊಂಡು ಹೋಗ್ಬೇಡಿ, ಅದರದ್ದು ಒಂದು ಕಲ್ಲೂ ಅಲ್ಲಿಲ್ಲ. ನಾವು ಹೋದ ಕಡೆ ಟಿಕೆಟಿಗೆ ಕ್ಯಾಶ್ ತಗೊಳ್ಲಿಲ್ಲ, ಕಾರ್ಡ್ ಇಟ್ಕೊಂಡಿರಿ.

ಬೀಚಿಗೆ ಬರೋಣ. ಆಗಸ್ಟಲ್ಲಿ ಮೊದಲು ಸ್ಟಾನ್ಲಿಗೆ ಹೋದ್ವಿ, ಸೇತುವೆ ಇರೋ ಆ ಫೇಮಸ್ ಕೊಲ್ಲಿ. ಸೇತುವೆ ಮೇಲಿಂದ ನೋಡಕ್ಕೆ ಸೊಗಸು, ಕೆಳಗೆ ಕಾಲಿಡಕ್ಕೂ ಜಾಗ ಇಲ್ಲ, ಬೇಸಿಗೆಲಿ ಅರ್ಧ ಕೈರೋನೇ ಅಲ್ಲಿರುತ್ತೆ, ಕೊಡೆಗೆ ಕೊಡೆ ತಾಗ್ಕೊಂಡು ಮರಳೇ ಕಾಣ್ಸಲ್ಲ. ಮಾರನೇ ದಿನ ಪೂರ್ವದ ತುದಿಲಿರೋ ಮಾಮೂರಾಗೆ ಹೋದ್ವಿ. ಗೇಟಲ್ಲಿ ದುಡ್ಡು ಕೊಟ್ಟು ಒಳಗೆ ಹೋಗೋದು, ಮರಳು ಕ್ಲೀನು, ಅಲೆ ಸಣ್ಣದು, ಈಜು ಬರದೇ ಇರೋರಿಗೆ ಒಳ್ಳೇದು. ಅಲ್ಲೇ ಹತ್ರ ಒಂದು ಖಾಸಗಿ ಬೀಚಲ್ಲಿ ಕುರ್ಚಿ, ಕೊಡೆ ಫ್ರೀ ಅಂತ ಕೂರಿಸಿ ಹೊರಡೋವಾಗ ಪ್ರತಿಯೊಂದಕ್ಕೂ ಲೆಕ್ಕ ಹಾಕಿ ವಸೂಲಿ ಮಾಡಿದ್ರು, ತುಂಬಾ ಬೇಜಾರಾಯ್ತು. ಕೂರೋಕೆ ಮುಂಚೆನೇ ರೇಟ್ ಕೇಳಿ ಒಪ್ಕೊಂಡು ಕೂರಿ.

ಮೇ ತಿಂಗಳಲ್ಲಿ ಪಶ್ಚಿಮದ ಅಗಮಿ. ನೀರಿನ ಬಣ್ಣ ಅಂದ್ರೆ ಅಗಮಿದೇ, ಬಿಳಿ ಮರಳು, ತಿಳಿ ನೀಲಿ, ಫೋಟೋಗೆ ಅದನ್ನ ಮೀರಿಸೋ ಬೀಚು ಊರೊಳಗಿಲ್ಲ. ಆದ್ರೆ ಆ ಕಡೆ ಒಳಸೆಳೆತ ಜೋರು, ಜನ ಮುಳುಗಿದ್ದೂ ಇದೆ, ಕೆಂಪು ಬಾವುಟ ಇದ್ರೆ ದಯವಿಟ್ಟು ನೀರಿಗಿಳೀಬೇಡಿ. ಯಜಮಾನ್ರು ಮರವಂತೆ ಕಡಲಲ್ಲಿ ಈಜು ಕಲಿತೋರು, ಅವರೇ ಸೊಂಟದ ಮಟ್ಟಕ್ಕಿಂತ ಮುಂದೆ ಹೋಗ್ಲಿಲ್ಲ. ಹೋಗಿ ಬರೋ ದಾರೀಲೇ ಟ್ರಾಫಿಕ್‌ನಲ್ಲಿ ಅರ್ಧ ದಿನ ಹೋಯ್ತು, ಒಂದು ದಿನಕ್ಕೆ ಬಂದೋರು ಅದರ ಆಸೆ ಬಿಡಿ.

ನನ್ನ ಮನಸ್ಸು ಗೆದ್ದಿದ್ದು ಮಾತ್ರ ಅಕ್ಟೋಬರ್‌ನ ಮಿಯಾಮಿ. ಅಮೆರಿಕದ್ದಲ್ಲ, ಇದೇ ಊರಿಂದು, ಕಾರ್ನಿಶ್ ಅನ್ನೋ ಸಮುದ್ರ ದಂಡೆ ರಸ್ತೆ ಪಕ್ಕದ ಸಾಮಾನ್ಯ ಬೀಚು, ಫೋಟೋದಲ್ಲಿ ಏನೂ ವಿಶೇಷ ಕಾಣ್ಸಲ್ಲ. ಆದ್ರೆ ಅಲ್ಲಿ ಎಲ್ಲಾ ಹೆಂಗಸರೂ ಮೈ ತುಂಬಾ ಬಟ್ಟೆ ಹಾಕ್ಕೊಂಡೇ ನೀರಿಗಿಳಿಯೋದು, ಹಾಗಾಗಿ ಸೀರೆ ಉಟ್ಟ ಅತ್ತೆನ ಯಾರೂ ವಿಚಿತ್ರವಾಗಿ ನೋಡ್ಲಿಲ್ಲ. ಕೈರೋದವರೆಲ್ಲ ವಾಪಸ್ ಹೋಗಿದ್ರು, ನೀರು ಇನ್ನೂ ಬೆಚ್ಚಗಿತ್ತು. ಅತ್ತೆ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸ್ಕೊಂಡು ಮಂಡಿವರೆಗೂ ನೀರಲ್ಲಿ ನಿಂತ್ರು, ಬೆಳಿಗ್ಗೆ ಎಲ್ಲಿತ್ತೋ ಸಂಜೆಗೂ ನೀರು ಅಲ್ಲೇ ಇರೋದು ನೋಡಿ, ಇದೆಂತ ಸಮುದ್ರ ಮಾರಾಯ್ತಿ, ಭರತವೂ ಇಲ್ಲ ಇಳಿತವೂ ಇಲ್ಲ ಅಂದ್ರು. ನಿಜ, ಮೆಡಿಟರೇನಿಯನ್‌ನಲ್ಲಿ ಉಬ್ಬರ ಇಳಿತ ಬಹಳ ಕಮ್ಮಿ, ಉಪ್ಪು ಮಾತ್ರ ನಮ್ಮ ಕಡಲಿಗಿಂತ ಜಾಸ್ತಿ. ಪಕ್ಕದ ಕೊಡೆ ಕೆಳಗಿದ್ದ ಒಬ್ಬ ಹೆಂಗಸು, ಅತ್ತೆ ವಯಸ್ಸಿನವರೇ, ಹಿಂದಿಯಾ? (ಅಂದ್ರೆ ಭಾರತದವಳಾ) ಅಮಿತಾಭ್ ಬಚ್ಚನ್! ಅಂತ ನಗ್ತಾ ತಮ್ಮ ಕುರ್ಚಿ ಎತ್ಕೊಂಡು ಬಂದು ಕೊಟ್ರು, ಫ್ಲಾಸ್ಕಿಂದ ಪುದೀನ ಹಾಕಿದ ಕರೀ ಟೀ ಬಗ್ಗಿಸಿದ್ರು. ಒಬ್ರಿಗೆ ಅರೇಬಿಕ್, ಒಬ್ರಿಗೆ ಕುಂದಾಪ್ರ ಕನ್ನಡ, ಆದ್ರೂ ಮೊಮ್ಮಕ್ಕಳು ಎಷ್ಟು, ಮಂಡಿ ನೋವಿಗೆ ಏನು ಹಚ್ತೀರಿ ಎಲ್ಲಾ ಕೈ ಸನ್ನೆಲೇ ಆಯ್ತು. ಗಾಜಿನ ಪೆಟ್ಟಿಗೆ ಹೊತ್ಕೊಂಡು ಫ್ರೆಸ್ಕಾ ಮಾರೋನು ಬಂದ, ಹಪ್ಪಳದ ಥರ ತೆಳ್ಳಗಿನ ಎರಡು ಪದರದ ಮಧ್ಯೆ ಪಾಕ ಹಾಕಿದ ಕಡಲೆಬೀಜ, ಬಾಯಿಗಿಟ್ರೆ ಕರುಂ ಅನ್ನುತ್ತೆ. ಅದನ್ನೂ ಆ ಹೆಂಗಸೇ ಕೊಡಿಸಿದ್ರು, ದುಡ್ಡು ಕೊಡಕ್ಕೆ ಹೋದ್ರೆ ಕೈ ಹಿಡಿದು ತಡೆದ್ರು.

ರಾತ್ರಿ ಕೋಟೆ ಕಡೆ ಬಹರಿ ಅನ್ನೋ ಬಡಾವಣೆಲಿ ಮೀನು ತಿಂದ್ವಿ. ಐಸ್ ಮೇಲಿಟ್ಟಿರೋ ಮೀನಲ್ಲಿ ನಾವೇ ಆರಿಸಿ ತೂಕ ಹಾಕಿಸ್ಬೇಕು, ಬೂರಿ ಅನ್ನೋ ಮೀನನ್ನ ತವುಡಲ್ಲಿ ಹೊರಳಿಸಿ ಸುಡ್ತಾರೆ, ಮೇಲೆ ಕರ್ರಗೆ, ಒಳಗೆ ಬೆಣ್ಣೆ. ಸಸ್ಯಾಹಾರಿಗಳಿಗೂ ಯೋಚನೆ ಇಲ್ಲ, ಫೂಲ್ (ಬೇಯಿಸಿದ ಬೀನ್ಸ್ ಕಾಳು), ತಅಮಿಯಾ (ಬೀನ್ಸ್ ಕಾಳಿನ ವಡೆ), ಕುಶರಿ (ಅನ್ನ, ಬೇಳೆ, ಪಾಸ್ತಾ ಕಲಸಿದ್ದು) ಎಲ್ಲಾ ಕಡೆ ಸಿಗುತ್ತೆ.

ಓಡಾಟಕ್ಕೆ ಒಂದು ವಿಷಯ. ಹಳೇ ಜಾಗಗಳಿಗೆ ಮೊದಲು ಹೋಗೋದಾದ್ರೆ ಕೊನೇ ಸ್ಟೇಷನ್ ಮಸ್ರ್‌ನಲ್ಲಿ ಇಳೀರಿ, ಬೀಚಿಗಾದ್ರೆ ಅದಕ್ಕೆ ಮುಂಚೆ ಬರೋ ಸೀದಿ ಗಾಬರ್. ಕಾರ್ನಿಶ್ ಉದ್ದಕ್ಕೂ ಮಿನಿವ್ಯಾನ್ ಓಡುತ್ತೆ, ಕೈರೋಲಿ ಮೈಕ್ರೋಬಸ್ ಅನ್ನೋದನ್ನ ಇಲ್ಲಿನವರು ಮಶ್ರೂ ಅಂತಾರೆ, ಕೈ ತೋರಿಸಿದ್ರೆ ನಿಲ್ಲುತ್ತೆ, ಅಗ್ಗ. ಹಿರಿಯರಿದ್ರೆ ಕಪ್ಪು ಹಳದಿ ಟ್ಯಾಕ್ಸಿ ಮಾಡ್ಕೊಳಿ.

ಈ ಅಕ್ಟೋಬರ್‌ಗೆ ನಮ್ಮ ಅಕ್ಕನ ಮನೆಯವರು ಬರ್ತಿದಾರೆ. ಎರಡು ದಿನ ಇಟ್ಕೊಂಡಿದೀವಿ, ಬೆಳಿಗ್ಗೆ ರೈಲು, ಮಸ್ರ್‌ನಲ್ಲಿ ಇಳಿದು ದಿಕ್ಕಾ, ಅಲ್ಲಿಂದ ಟ್ಯಾಕ್ಸಿಲಿ ಶುಕಾಫಾ, ಮಾರನೇ ದಿನ ಪೂರ್ತಿ ಮಿಯಾಮಿ. ಅತ್ತೆಗೆ ಫೋನಲ್ಲಿ ಹೇಳಿದ್ದಕ್ಕೆ, ಆ ಟೀ ಕೊಟ್ಟ ಹೆಂಗಸು ಸಿಕ್ರೆ ನಾನು ಕೇಳಿದೆ ಅಂತ ಹೇಳು, ಮಂಡಿ ಈಗ ವಾಸಿ ಅಂತಲೂ ಹೇಳು ಅಂದಿದಾರೆ.