ಅಪಘಾತದ ನಂತರದ ಭಯಕ್ಕೆ 14416 ಎಷ್ಟು ಉಪಯೋಗ?

ಗಾಯ ಮಾಸಿದರೂ ಲಾರಿ ಹಾರ್ನ್‌ಗೆ ಬೆಚ್ಚಿಬೀಳುವವರಿಗೆ, ಗಾಡಿ ಹತ್ತಲು ಕೈಕಾಲು ನಡುಗುವವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಒಳ್ಳೆಯ ಮೊದಲ ಹೆಜ್ಜೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸೇವೆಗೆ ನಿಮ್ಹಾನ್ಸ್ ಬೆನ್ನೆಲುಬು. 14416ಕ್ಕೆ ಹಗಲುರಾತ್ರಿ ಕರೆ ಮಾಡಬಹುದು. ಉಚಿತ, ಕನ್ನಡದಲ್ಲೇ ಮಾತು.

ಅಪಘಾತವಾಗಿ ಎಷ್ಟು ವಾರವಾಯಿತು, ರಾತ್ರಿ ಎಷ್ಟು ಗಂಟೆ ನಿದ್ದೆ, ಯಾವ ರಸ್ತೆ ತಪ್ಪಿಸಿ ಓಡಾಡುತ್ತಿದ್ದೀರಿ ಎಂದು ಮೊದಲೇ ಬರೆದಿಟ್ಟುಕೊಳ್ಳಿ. ತಲೆಗೆ ಪೆಟ್ಟು ಬಿದ್ದಿದ್ದರೆ ಮುಚ್ಚಿಡಬೇಡಿ. ಮರೆವು, ಸಿಡುಕು ಆ ಪೆಟ್ಟಿನಿಂದಲೂ ಬರುತ್ತವೆ, ಅದಕ್ಕೆ ಬೇರೆಯೇ ತಪಾಸಣೆ.

ಆದರೆ ಫೋನ್ ಸಲಹೆಯೇ ಪೂರ್ತಿ ಚಿಕಿತ್ಸೆಯಲ್ಲ. ತಿಂಗಳು ದಾಟಿಯೂ ಅದೇ ದೃಶ್ಯ ಕಣ್ಣಮುಂದೆ ಬರುತ್ತಿದ್ದರೆ ಪಿಟಿಎಸ್‌ಡಿ (ಆಘಾತದ ನಂತರ ಉಳಿದುಬಿಡುವ ಮಾನಸಿಕ ತೊಂದರೆ) ಪರೀಕ್ಷೆ ಆಗಬೇಕು. ಆಘಾತಕ್ಕೆಂದೇ ಇರುವ ಸಿಬಿಟಿ (ಯೋಚನೆ, ವರ್ತನೆ ಬದಲಿಸುವ ಮಾತಿನ ಚಿಕಿತ್ಸೆ) ಅಥವಾ ಇಎಂಡಿಆರ್ (ಕಣ್ಣು ಆಡಿಸುತ್ತಾ ಕಹಿ ನೆನಪಿನ ಭಾರ ಇಳಿಸುವ ಚಿಕಿತ್ಸೆ) ಎಲ್ಲಿ ಸಿಗುತ್ತದೆಂದು ಬಾಯಿಬಿಟ್ಟು ಕೇಳಿ. ಬರೀ ನಿದ್ದೆ ಮಾತ್ರೆಯಿಂದ ಇದು ವಾಸಿಯಾಗದು.